ಹನ್ನೊಂದು ಡ್ರಮ್ಮುಗಳ ಮೇಲೆ ಒಂದು ಪದ

ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬೂದಿಯೋ ಸುಣ್ಣವೋ ಮೆತ್ತಿದ ಬಿಳುಪಲ್ಲ. ಚರ್ಮದ ಜಿಡ್ಡೆಲ್ಲ ಹೋಗಿ, ಒಣಗಿ, ಗೆರೆಗೆರೆಯಾಗಿ ಒಡೆದ ಬಿಳುಪು. ಮೂವತ್ತು ವರ್ಷ ಆಲ್ಕೊಹಾಲಿನಲ್ಲಿ ಅದ್ದಿ ತೆಗೆದ ಬೆರಳುಗಳು. ಮಧ್ಯಾಹ್ನ ಊಟವಾಗಿ ಕೈ ತೊಳೆದ ಮೇಲೆ ಮೇಜಿನ ಡ್ರಾಯರಿನಿಂದ ಕೊಬ್ಬರಿ ಎಣ್ಣೆಯ ಪುಟ್ಟ ಶೀಶೆ ತೆಗೆದು ಒಂದೊಂದು ಬೆರಳಿಗೂ ಸಾವಧಾನವಾಗಿ ಹಚ್ಚಿಕೊಳ್ಳುತ್ತಿದ್ದರು. "ಈ ಆಲ್ಕೊಹಾಲು ಇದಾನಲ್ಲ, ಇವನು ಹೋದ ಕಡೆಯೆಲ್ಲ ಜಿಡ್ಡು ಕದೀತಾನೆ ಕಣಮ್ಮ" ಎನ್ನುತ್ತಿದ್ದರು. ಜೀವಮಾನದಲ್ಲಿ ತುಟಿಗೆ ಒಂದು ತೊಟ್ಟೂ ಸೋಕಿಸದ ಮನುಷ್ಯ ಅವರು.

ಎಂಬತ್ತರ ದಶಕದ ನಡುವೆ ಮುಂಬಯಿಯ ಭಾಂಡುಪಿನ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಮುಖ್ಯ ಕೆಮಿಸ್ಟ್. ನಮ್ಮದು ಸ್ಪಿರಿಟ್ ಕಾರ್ಖಾನೆ. ಎಂದರೆ ಟ್ಯಾಂಕರಿನಲ್ಲಿ ಬಂದ ಬಗೆಬಗೆಯ ಆಲ್ಕೊಹಾಲುಗಳನ್ನು ಮತ್ತೆ ಭಟ್ಟಿ ಇಳಿಸಿ, ಪರೀಕ್ಷೆ ಮಾಡಿ, ಡ್ರಮ್ಮಿಗೆ ತುಂಬಿ, ಶಾಯಿ ಮಾಡುವವರಿಗೆ, ವಾರ್ನಿಷ್‌ನವರಿಗೆ, ಔಷಧಿ ಕಂಪನಿಗಳಿಗೆ, ಅತ್ತರಿನವರಿಗೆ ಮಾರುವುದು. ನಾನು ಪಾರ್ಲೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಇಪ್ಪತ್ತೆರಡರ ಹುಡುಗಿ. ಅಪ್ಪ ಅಮ್ಮ ತುಮಕೂರಿನ ಕಡೆಯವರಾದರೂ ನಾನು ಹುಟ್ಟಿದ್ದು, ಓದಿದ್ದು ಎಲ್ಲ ಮುಂಬಯಿಯಲ್ಲೇ. ಅವರನ್ನು ನಾನು 'ಸರ್' ಎನ್ನುತ್ತಿದ್ದೆ. ಕಾರ್ಖಾನೆಯ ಎಲ್ಲರಿಗೂ ಅವರು ಸರ್. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮಂಡ್ಯದ ಕಡೆಯವರು. ಅಲ್ಲಿನ ಕಾಕಂಬಿಯ ವಾಸನೆಯಲ್ಲೇ ಬೆಳೆದವರು. ಕಬ್ಬಿನ ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ, ಎರಡು ದಿನ ಉಕ್ಕಲು ಬಿಟ್ಟು ಭಟ್ಟಿ ಇಳಿಸಿದರೆ ಈಥೈಲ್ ಆಲ್ಕೊಹಾಲು. ಅದನ್ನು ಹೇಳುವಾಗ ಅವರು ಹಬ್ಬದಡಿಗೆಯ ಕ್ರಮ ಹೇಳುವ ಅಜ್ಜಿಯ ಹಾಗೆ ಕೈಯಾಡಿಸುತ್ತಿದ್ದರು. ಮೀಥೈಲನ್ನು ಹಿಂದೆ ಸೌದೆ ಸುಟ್ಟು ತೆಗೆಯುತ್ತಿದ್ದರು, ಈಗ ಗ್ಯಾಸಿನಿಂದ ಮಾಡುತ್ತಾರೆ. ಐಸೊಪ್ರೊಪೈಲು ಪೆಟ್ರೋಲಿಯಮ್ಮಿನ ಮಗ. "ಮೂವರನ್ನೂ ಬಾಟ್ಲಿಗೆ ಹಾಕಿ ಸಾಲಾಗಿ ಇಡು. ಮೂರೂ ನೀರಿನ ಹಾಗೆ ಕಾಣ್ತವೆ. ತೂಕವೂ ಹೆಚ್ಚುಕಮ್ಮಿ ಒಂದೇ. ಮೊದಲೆರಡರ ವಾಸನೆಯಲ್ಲೂ ಮೂಗು ಮೋಸಹೋಗುತ್ತೆ. ಒಬ್ಬ ಗಾಯ ತೊಳೀತಾನೆ, ಒಬ್ಬ ಕೆಮ್ಮಿನ ಔಷಧಿಗೆ ಹೋಗ್ತಾನೆ, ಒಬ್ಬ ಕಣ್ಣು ತೆಗೀತಾನೆ. ಗೊತ್ತಾಗೋದು ಹೇಗೆ ಹೇಳು?" ನಾನು ಥರ್ಮಾಮೀಟರ್ ತೋರಿಸುತ್ತಿದ್ದೆ. ಮೀಥೈಲು ಅರವತ್ತೈದಕ್ಕೇ ಕುದಿಯುತ್ತದೆ, ಈಥೈಲು ಎಪ್ಪತ್ತೆಂಟಕ್ಕೆ. "ಅದು ಕಾಲೇಜಿನ ಉತ್ತರ. ನಾನು ನಿನಗೆ ಮನೇದು ತೋರಿಸ್ತೀನಿ" ಎಂದು ಒಂದು ಟೆಸ್ಟ್‌ಟ್ಯೂಬಿಗೆ ಸ್ವಲ್ಪ ಮೀಥೈಲು, ಚಿಟಿಕೆ ಸ್ಯಾಲಿಸಿಲಿಕ್ ಆಸಿಡ್, ನಾಲ್ಕು ಹನಿ ಗಂಧಕಾಮ್ಲ ಹಾಕಿ ಬೆಚ್ಚಗೆ ಮಾಡಿದರು. ಲ್ಯಾಬಿನ ತುಂಬ ಮಂಡಿನೋವಿನ ಮುಲಾಮಿನ ವಾಸನೆ ಹರಡಿತು. ನನಗೆ ನಗು ಬಂತು. ಅಷ್ಟು ಹಿತವಾದ, ಮನೆಮನೆಯ ವಾಸನೆ. "ಈ ವಾಸನೆ ಬಂದರೆ ಇದು ಮೀಥೈಲು. ನೆನಪಿರಲಿ" ಎಂದರು.

ಅವರಿಗೆ ಇನ್ನೊಂದು ಹುಚ್ಚು ಕನ್ನಡದ್ದು. ಕಾರ್ಖಾನೆಯಲ್ಲಿ ಡ್ರಮ್ಮು ಉರುಳಿಸುವವರು, ತುಂಬುವವರು ಹೆಚ್ಚಿನಂಶ ವಿಜಾಪುರ, ಗುಲ್ಬರ್ಗ ಕಡೆಯವರು. ಓದಲು ಬಾರದೆ, ಸ್ಟೇಷನ್ನುಗಳನ್ನು ಎಣಿಸಿ ಇಳಿಯುತ್ತಿದ್ದ ಜನ. ಸರ್ ಊಟದ ಬಿಡುವಿನಲ್ಲಿ ಅವರನ್ನು ಗೋದಾಮಿನ ಗೋಡೆಯ ಪಕ್ಕ ಕೂರಿಸಿಕೊಂಡು ಖಾಲಿ ಡ್ರಮ್ಮಿನ ಮುಚ್ಚಳವನ್ನೇ ಹಲಗೆ ಮಾಡಿ ಅಕ್ಷರ ಕಲಿಸುತ್ತಿದ್ದರು. ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಅವರಲ್ಲಿ ಬೇಗ ಹತ್ತಿದವನು ಮಲ್ಲಪ್ಪ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಹೆಂಡತಿಯ ತಮ್ಮ ಭೀಮಶಿಯೂ ಜೊತೆಗೆ ಕೂರುತ್ತಿದ್ದ, ಆದರೆ ಅವನ ಗಮನವೆಲ್ಲ ಮೀಸೆಯ ಮೇಲೆ. ನನಗೂ ಕಲಿಸುತ್ತೇನೆಂದು ಸರ್ ಕರೆದಿದ್ದರು. "ನನಗೆ ಬರತ್ತೆ ಸರ್, ಅಮ್ಮ ಹೇಳಿಕೊಟ್ಟಿದ್ದಾರೆ" ಎಂದು ಜಂಬದಿಂದ ಹೇಳಿ ತಪ್ಪಿಸಿಕೊಂಡೆ. ಆಳುಗಳ ಜೊತೆ ನೆಲದಲ್ಲಿ ಕೂರುವುದು ನನಗೆ ಬೇಕಿರಲಿಲ್ಲ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ, ಆದರೂ ಬರೆಯಲೇಬೇಕು.

ಕಲಿತದ್ದು ಕೆಲಸಕ್ಕೆ ಬರಬೇಕಲ್ಲ? ಅದಕ್ಕೆ ಸರ್ ಒಂದು ಪದ್ಧತಿ ಮಾಡಿದರು. ಅಲ್ಲಿಯವರೆಗೆ ಪರೀಕ್ಷೆಯಾದ ಡ್ರಮ್ಮಿನ ಮೇಲೆ ಚಾಕಿನಲ್ಲಿ ಇಂಗ್ಲಿಷಿನ 'ಪಾಸ್' ಬರೆಯುತ್ತಿದ್ದೆವು. ಅದರ ಬದಲು ಕನ್ನಡದಲ್ಲಿ 'ಶುದ್ಧ' ಎಂದು ಬರೆಯತೊಡಗಿದರು. ಮೀಥೈಲಿನ ಡ್ರಮ್ಮಿಗೆ ಮಾತ್ರ ಪಾಸಾಗಲಿ ಬಿಡಲಿ, ದೊಡ್ಡದಾಗಿ 'ವಿಷ'. ತಲೆಬುರುಡೆಯ ಚೀಟಿ ಅಂಟಿಸುವುದು ಮಾಲು ಗೇಟು ದಾಟುವ ದಿನ. ಅಲ್ಲಿಯವರೆಗೆ ಅಂಗಳದಲ್ಲಿ ಚಾಕಿನದೇ ರಾಜ್ಯ. ಆಳುಗಳು ಡ್ರಮ್ಮಿನ ಮುಂದೆ ನಿಂತು ಜೋರಾಗಿ ಓದುತ್ತಿದ್ದರು. ಸರ್ ಕಿಟಕಿಯಿಂದ ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದರು.

ಆ ಶನಿವಾರ ಸರ್ ಪರ್ಮಿಟ್ಟಿನ ಕೆಲಸಕ್ಕೆ ಥಾಣೆಗೆ ಹೋಗಿದ್ದರು. "ಹನ್ನೊಂದು ಡ್ರಮ್ ಮೀಥೈಲ್ ಇಳಿದಿದೆ. ನೀನೇ ನೋಡಿಕೋಮ್ಮ, ಈಗ ನಿನಗೆ ಬರುತ್ತೆ" ಎಂದಿದ್ದರು. ಮೊದಲ ಸಲ ನಾನೊಬ್ಬಳೇ. ಒಂದೊಂದು ಡ್ರಮ್ಮಿನಿಂದಲೂ ಮಾದರಿ ತೆಗೆದು, ಕುದಿಸಿ, ತೂಗಿ ನೋಡಿದೆ. ಎಲ್ಲವೂ ಅಚ್ಚುಕಟ್ಟು, ನೀರಿನ ಹೆಸರಿಲ್ಲ. ಈಥೈಲು ಎಷ್ಟೇ ಭಟ್ಟಿ ಇಳಿಸಿದರೂ ಕೊನೆಯ ನಾಲ್ಕೈದು ಪಾಲು ನೀರನ್ನು ಬಿಟ್ಟುಕೊಡದು; ಮೀಥೈಲು ಹಾಗಲ್ಲ, ಪೂರ್ತಿ ನೀರು ಬಿಡುತ್ತದೆ. ಅಂಥ ನಿರ್ಮಲವಾದ ಮಾಲನ್ನು ನಾನು ಅದುವರೆಗೆ ಅಳೆದಿರಲಿಲ್ಲ. ಚಾಕ್ ಹಿಡಿದು ಅಂಗಳಕ್ಕೆ ಇಳಿದವಳು ಆ ಖುಷಿಯಲ್ಲಿ ಹನ್ನೊಂದಕ್ಕೂ ಸಾಲಾಗಿ, ನನ್ನ ಕೈಯಾರೆ, 'ಶುದ್ಧ' ಎಂಬ ಪದ ಬರೆದೆ. ಮೀಥೈಲಿಗೆ ಏನು ಬರೆಯಬೇಕೆಂದು ಸರ್ ಮೊದಲ ವಾರವೇ ಹೇಳಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬರೆದೆ, ಕೈಗೆ ರೂಢಿಯಾದದ್ದನ್ನು ಕೈ ಬರೆಯಿತು. ಇದಕ್ಕಿಂತ ದೊಡ್ಡ ಕಾರಣ ಎಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿಲ್ಲ. ಮೂರು ಗಂಟೆಗೆ ಕೈ ತೊಳೆದು, ಲೋಕಲ್ ರೈಲು ಹಿಡಿದು ಮನೆಗೆ ಹೋಗಿ, ಅಮ್ಮನ ಹತ್ತಿರ ನನ್ನ ಪ್ರತಾಪ ಹೇಳಿಕೊಂಡೆ.

ಕಾರ್ಖಾನೆಯ ಆಳುಗಳಲ್ಲಿ ಒಂದು ನಂಬಿಕೆಯಿತ್ತು. ನೇರಳೆ ಬಣ್ಣ ಬೆರೆಸಿದ್ದು ಪಾಲಿಶ್ ಸ್ಪಿರಿಟ್, ಅದು ವಿಷ, ಬಣ್ಣವಿಲ್ಲದ್ದು ಕುಡಿಯುವಂಥದ್ದು. ಕುಡಿಯಬಾರದೆಂದೇ ಸರ್ಕಾರ ಸ್ಪಿರಿಟ್ಟಿಗೆ ಬಣ್ಣ, ನಾತ ಬೆರೆಸಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟರಮಟ್ಟಿಗೆ ಅವರ ಲೆಕ್ಕ ಸರಿಯೇ. ಬಣ್ಣವಿಲ್ಲದ ಡ್ರಮ್ಮು, ಮೇಲೆ ಲ್ಯಾಬಿನ ಚಾಕಿನಲ್ಲಿ ಆ ಪದ. ಹೊಸದಾಗಿ ಓದು ಬಂದವನಿಗೆ ಅನುಮಾನ ಹೇಗೆ ಬರಬೇಕು?

ಸೋಮವಾರ ಬೆಳಗ್ಗೆ ಮಲ್ಲಪ್ಪ ಲ್ಯಾಬಿನ ಬಾಗಿಲ ಚೌಕಟ್ಟನ್ನು ತಡವುತ್ತ ಬಂದು ನಿಂತ. "ಸರ, ಕಣ್ಣ ಮುಂದ ಬರೇ ಹಾಲ ಚೆಲ್ಲಿದಂಗ ಕಾಣಾಕತ್ತೇತ್ರಿ" ಎಂದ. ಭೀಮಶಿ ಎಲ್ಲಿ ಎಂದು ಸರ್ ಕೇಳಿದರು. "ಖೋಲಿಯೊಳಗ ಮಲಗ್ಯಾನ್ರಿ. ಎಬ್ಬಿಸಿದ್ರ ಏಳವಲ್ಲ." ನಿನ್ನೆ ಏನು ಕುಡಿದಿರಿ ಎಂದರು ಸರ್. ಅವನು ಬಗಲಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಕ್ಯಾನನ್ನು ಮುಂದೆ ಹಿಡಿದ. "ಚೊಕ್ಕ ಮಾಲ್ ರೀ ಸರ. ನಾನ ಓದಿ ತುಂಬೀನ್ರಿ."

ಸರ್ ಕ್ಯಾನಿನ ತಳದಲ್ಲಿ ಉಳಿದಿದ್ದನ್ನು ಟೆಸ್ಟ್‌ಟ್ಯೂಬಿಗೆ ಸುರಿದರು. ಚಿಟಿಕೆ ಪುಡಿ, ನಾಲ್ಕು ಹನಿ ಆಮ್ಲ. ಬಿಳಿ ಬೆರಳುಗಳಲ್ಲಿ ಟ್ಯೂಬು ಹಿಡಿದು ಬುನ್ಸೆನ್ ಉರಿಯ ಮೇಲೆ ಬೆಚ್ಚಗೆ ಮಾಡಿದರು. ಮುಲಾಮಿನ ವಾಸನೆ ಎದ್ದಿತು. ಅವರು ಕಿಟಕಿಯಿಂದ ಅಂಗಳಕ್ಕೆ ನೋಡಿದರು. ಬಿಸಿಲಿನಲ್ಲಿ ಹನ್ನೊಂದು ಡ್ರಮ್ಮುಗಳೂ ನಿಂತಿದ್ದವು, ಹೊಟ್ಟೆಯ ಮೇಲೆ ನನ್ನ ಅಕ್ಷರ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಇಬ್ಬರನ್ನೂ ಆಸ್ಪತ್ರೆಗೆ ಹಾಕಬೇಕು, ಗಾಡಿ ತರಿಸು" ಎಂದರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಇದಕ್ಕೆ ಮದ್ದು ಈಥೈಲ್ ಆಲ್ಕೊಹಾಲೇ ಎಂದು ಅವರಿಗೆ ಗೊತ್ತಿತ್ತು, ಆದರೆ ವಾರ್ಡಿನಲ್ಲಿ ಕೊಡುವಂಥದ್ದು ಇರಲಿಲ್ಲ. ಹೊರಗಿನಿಂದ ತನ್ನಿ ಎಂದರು. ಲ್ಯಾಬಿನದು ಬೇಡವೆಂದು ಸರ್ ತಾವೇ ತಲೆಯಾಡಿಸಿದರು. ಆ ಹೊತ್ತಿಗೆ ತಮ್ಮ ಲ್ಯಾಬಿನ ಯಾವ ಬಾಟ್ಲಿಯ ಮೇಲೂ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಎದುರಿನ ವೈನ್ ಶಾಪಿಗೆ ನಾವಿಬ್ಬರೂ ಹೋದೆವು. ಸರ್ ಹಣೆಯಲ್ಲಿ ಬೆಳಗಿನ ಗಂಧ, ಜೇಬಿನಲ್ಲಿ ಎರಡು ಪೆನ್ನು. ಏನು ಕೇಳಬೇಕೆಂದು ಅವರಿಗೆ ತಿಳಿಯದು. ತಮ್ಮ ಒರಟು ಹಿಂದಿಯಲ್ಲಿ "ಚಾಲೀಸ್ ಪರ್ಸೆಂಟ್ ಈಥೈಲ್ ವಾಲಾ ದೋ" ಎಂದರು. ಅಂಗಡಿಯವನು "ಕಾಕಾ, ಸುಬಹ್ ಸುಬಹ್?" ಎಂದು ನಕ್ಕು ಒಂದು ಬ್ರಾಂದಿ ಬಾಟ್ಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ವಾಪಸು ಬರುವಾಗ ನನಗೆ ವಿವರಿಸಿದರು. ವಿವರಿಸದೆ ಇರಲು ಅವರಿಂದ ಆಗುತ್ತಿರಲಿಲ್ಲ. "ಮೀಥೈಲು ತಾನಾಗಿ ಅಷ್ಟು ಕೆಟ್ಟವನಲ್ಲಮ್ಮ. ಲಿವರ್ ಒಳಗೆ ಹೋಗಿ ಮುರಿದಾಗ ಹುಟ್ಟೋದು ವಿಷ. ಇಬ್ಬರಿಗೂ ಒಂದೇ ಬಾಗಿಲು, ಲೋಕಲ್ ಡಬ್ಬಿಯ ಹಾಗೆ. ಈಥೈಲನ್ನು ಮೊದಲು ತುಂಬಿಬಿಟ್ಟರೆ ಇವನು ಪ್ಲಾಟ್‌ಫಾರಂ ಮೇಲೇ ಉಳೀತಾನೆ. ಹಾಗೇ ಹೊರಟುಹೋಗ್ತಾನೆ." ಭೀಮಶಿಗೆ ಆ ಬಾಗಿಲು ಆಗಲೇ ಮುಚ್ಚಿತ್ತು. ಅವನು ಬಹಳ ಕುಡಿದಿದ್ದ. ಸಂಜೆ ಐದರ ಹೊತ್ತಿಗೆ ಹೋದ. ಮಲ್ಲಪ್ಪನಿಗೆ ನರ್ಸು ಹೇಳಿದ ಅಳತೆಯಂತೆ ಸರ್ ತಾವೇ ಚಮಚದಲ್ಲಿ ಬ್ರಾಂದಿ ಕುಡಿಸಿದರು, ಸಂಧ್ಯಾವಂದನೆ ತಪ್ಪಿಸದ ಮನುಷ್ಯ. ಅವನು ಉಳಿದ. ಕಣ್ಣು ಉಳಿಯಲಿಲ್ಲ.

ವಿಚಾರಣೆ ಎರಡು ದಿನ ನಡೆಯಿತು. ಮಾಲೀಕರ ಕೋಣೆಯಲ್ಲಿ ಪೊಲೀಸರು, ಇನ್ಸ್‌ಪೆಕ್ಟರು. ಡ್ರಮ್ಮಿನ ಮೇಲಿನ ಬರಹ ಯಾರದು ಎಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಬಾಯಿ ತೆರೆದುಕೊಂಡದ್ದು ನನಗೆ ನೆನಪಿದೆ, ದನಿ ಹೊರಟದ್ದು ನೆನಪಿಲ್ಲ. ಸರ್ ಹೇಳಿದರು: "ಯಹಾಂ ಕನ್ನಡ ಲಿಖನೇವಾಲಾ ಏಕ್ ಹೀ ಆದ್ಮಿ ಹೈ. ಮೈಂ." ಇಲ್ಲಿ ಕನ್ನಡ ಬರೆಯುವವನು ತಾನೊಬ್ಬನೇ ಎಂದು. ಶನಿವಾರ ನೀವು ಥಾಣೆಯಲ್ಲಿದ್ದಿರಲ್ಲ ಎಂದಾಗ, ಸಂಜೆ ಬಂದು ಬರೆದೆ ಎಂದರು. ಸುಳ್ಳು ಹೇಳಿ ರೂಢಿಯಿಲ್ಲದ ಅವರ ಕಿವಿಗಳು ಕೆಂಪಾಗಿದ್ದವು. ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಅವರ ಕೆಲಸ ಹೋಯಿತು. ಸ್ವಲ್ಪ ಕಾಲ ಕೋರ್ಟಿಗೂ ಅಲೆದರು.

ಮೆಟ್ಟಿಲಿಳಿಯುವಾಗ ನಾನು ಅಳುತ್ತ ಹಿಂದೆ ಹೋದೆ. ಸರ್, ನಾನು ಹೇಳಿಬಿಡುತ್ತೇನೆ ಎಂದೆ. ಅವರು ತಿರುಗಲಿಲ್ಲ. "ಪಾಸ್ ಅಂತ ಇದ್ದದ್ದು ಚೆನ್ನಾಗೇ ಇತ್ತು. ಇದರಲ್ಲಿ ಕನ್ನಡ ಬೇಕು ಅಂದವನು ನಾನು. ಪದ ನನ್ನದು" ಎಂದರು. ನಾನು ಹೇಳಲಿಲ್ಲ. ಭಯವಿತ್ತು, ಮದುವೆ ಮಾತುಕತೆ ನಡೆಯುತ್ತಿತ್ತು. ಇವೆಲ್ಲ ಆಗ ದೊಡ್ಡ ಕಾರಣಗಳಾಗಿ ಕಂಡಿದ್ದವು.

ಆಮೇಲೆ ಅವರು ಮುಲುಂಡಿನ ಮನೆಯಲ್ಲಿ ಕಾಲೇಜು ಹುಡುಗರಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳಿಕೊಂಡಿದ್ದರು. ಭಾನುವಾರಗಳಲ್ಲಿ ಭಾಂಡುಪಿನ ಗುಡ್ಡದ ಮೇಲಿನ ಚಾಳ್ ವಠಾರಕ್ಕೆ ಹತ್ತಿಹೋಗಿ ಮಲ್ಲಪ್ಪನಿಗೆ ಕನ್ನಡ ಪೇಪರು ಓದಿ ಹೇಳುತ್ತಿದ್ದರು, ಮೊದಲ ಪುಟದಿಂದ ಸಿನಿಮಾ ಜಾಹೀರಾತಿನವರೆಗೆ. ಅರ್ಜಿ ಬರೆದು, ಕಚೇರಿ ಅಲೆದು, ಅವನಿಗೊಂದು ಟೆಲಿಫೋನ್ ಬೂತು ಕೊಡಿಸಿದವರೂ ಅವರೇ. ಒಂದು ಸಲ ನಾನು ಅವರ ಜೊತೆ ಲೋಕಲ್‌ನಲ್ಲಿದ್ದೆ. ಎದುರು ಕೂತ ಮುದುಕಿ ಮುಲಾಮಿನ ಡಬ್ಬಿ ತೆಗೆದು ಮಂಡಿಗೆ ಉಜ್ಜಿಕೊಳ್ಳತೊಡಗಿದಳು. ಸರ್ ಮಾತು ನಿಲ್ಲಿಸಿ, ಎದ್ದು, ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟರು. ನಾನೂ ಇಳಿದೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಮುಂದಿನ ಗಾಡಿಗೆ ಕಾದೆವು. "ಯಾರೋ ಟೆಸ್ಟ್ ಮಾಡ್ತಲೇ ಇರ್ತಾರಮ್ಮ" ಎಂದರು. ಅವತ್ತಿನಿಂದ ನನಗೂ ಆ ವಾಸನೆ ಬೆನ್ನು ಹತ್ತಿದೆ. ಅತ್ತೆಗೆ ಸೊಂಟನೋವು ಬಂದಾಗ ನಾನು ಬಾಗಿಲಾಚೆ ನಿಂತು ಕೆಲಸದವಳ ಕೈಯಲ್ಲಿ ಹಚ್ಚಿಸಿದವಳು. ಅಂಗಳದ ಬಿಳಿ ಪದ ಮಾತ್ರ ವಾಸನೆಗೂ ಕಾಯುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಮುಚ್ಚಿದರೆ ಸಾಲಾಗಿ ಬಂದು ನಿಲ್ಲುತ್ತದೆ.

ತೊಂಬತ್ತರ ದಶಕದ ಆರಂಭದಲ್ಲಿ ಸರ್ ತೀರಿಕೊಂಡರು. ಹೃದಯ. ಟ್ಯೂಷನ್ನಿನ ಹುಡುಗರಿಗೆ ಪಾಠ ಹೇಳುತ್ತಿದ್ದಾಗಲೇ ಕುರ್ಚಿಯಲ್ಲಿ ಒರಗಿದರಂತೆ. ನಾನು ಹೋದಾಗ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಲ್ಯಾಬು ಬಿಟ್ಟು ಅಷ್ಟು ವರ್ಷವಾಗಿ ಬೆರಳ ತುದಿಗೆ ಮತ್ತೆ ಬಣ್ಣ ಬಂದಿತ್ತು. ಮಲ್ಲಪ್ಪ ಹೆಂಡತಿಯ ಹೆಗಲು ಹಿಡಿದು ಬಂದು, ಪಾದ ಎಲ್ಲಿದೆಯೆಂದು ತಡವಿ ನಮಸ್ಕಾರ ಮಾಡಿದ.

ತಿಂಗಳ ನಂತರ ನಾನು ಅವನ ಬೂತಿಗೆ ಹೋದೆ. ಭಾನುವಾರ ಪೇಪರು ಓದುವವರಿಲ್ಲವಲ್ಲ, ಓದಿ ಬರೋಣವೆಂದು. ಹಾಗೆಂದು ನನಗೇ ಹೇಳಿಕೊಂಡಿದ್ದೆ. ಓದುತ್ತ ಎರಡು ಕಡೆ ತಡವರಿಸಿದೆ. ಅವನು ತಲೆ ತಗ್ಗಿಸಿ ಕೇಳಿದ. ಪೇಪರು ಮಡಚಿದ ಮೇಲೆ ನಿಧಾನವಾಗಿ, "ಅಕ್ಕಾರ, ಆ ಡ್ರಮ್ಮಿನ ಮ್ಯಾಲ ಬರದಾವ್ರು ನೀವ ಅಲ್ಲೇನ್ರಿ?" ಎಂದ.

ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಹೌದು ಎಂದೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಒತ್ತಿನ ಹೊಟ್ಟಿ ಸೀಳಿದ್ದಿಲ್ರಿ ನೀವು. ಬರೇ ದಕ್ಕ ದ ಕೊಟ್ಟಿದ್ರಿ, ಧ ಕೊಡಬೇಕಿತ್ತು. ಸರ ಆ ಹೊಟ್ಟಿ ಸೀಳೂದಕ್ಕ ನಮ್ಮ ಕಿವಿ ಎಷ್ಟ ಹಿಂಡಿದ್ರು. ಅವರು ಹಂಗ ಬರಿಯೂದ ಸಾಧ್ಯ ಇಲ್ಲ. ಭೀಮಶಿಗೂ ತೋರಿಸಿದ್ನಿ. ನೋಡಲೇ, ಕಾಲೇಜ್ ಕಲ್ತ ಅಕ್ಕಾರ ತಪ್ಪ ಬರದಾರ, ನಾನು ಅವರ್ಕಿಂತ ಶಾಣ್ಯಾ ಆಗೀನಿ ಅಂತ. ಇಬ್ರೂ ನಕ್ವಿ. ನಕ್ಕ ಮ್ಯಾಲ ಕ್ಯಾನ್ ತುಂಬ್ಕೊಂಡ್ವಿ."

ಬೂತಿನ ಹೊರಗೆ ಯಾರೋ ಚಿಲ್ಲರೆ ಹಿಡಿದು ನಿಂತಿದ್ದರು. ಅವನು ಕೈಸನ್ನೆಯಲ್ಲಿ ನಿಲ್ಲಿಸಿದ.

"ದವಾಖಾನ್ಯಾಗ ಸರ್‌ಗೆ ಹೇಳಿದ್ನಿರಿ ಇದನ್ನ. ತಪ್ಪ ಅಕ್ಕಾರದು, ನೀವ ಯಾಕ ಹೊತ್ಕೋತೀರಿ ಅಂತ. ಅವರಂದ್ರು, ಆ ಹುಡುಗಿಗೆ ಹೊಟ್ಟೆ ಸೀಳೋದು ಕಲಿಸದೆ ಬಿಟ್ಟವನೂ ನಾನೇ ಮಲ್ಲಪ್ಪ, ಅವಳಿಗೆ ಅದು ಬರಲ್ಲ ಅಂತ ಗೊತ್ತಿತ್ತು, ಕೈ ಹಿಡಿದು ಕೂರಿಸಲಿಲ್ಲ. ಯಾರಿಗೂ ಹೇಳಬ್ಯಾಡ ಅಂತ ಆಣಿ ತಗೊಂಡ್ರು. ಅವರು ಇರೂತನ ಹೇಳಲಿಲ್ರಿ."

ನನ್ನ ಮೇಲೆ ನಿನಗೆ ಸಿಟ್ಟಿಲ್ಲವೇ ಎಂದೆ. ಯಾಕೆ ಕೇಳಿದೆನೋ. ಇಲ್ಲ ಎನ್ನಲಿ ಎಂಬ ಆಸೆ ಇತ್ತು.

"ಐತ್ರಿ" ಎಂದ. "ಭೀಮಶಿ ಹೇಣ್ತಿ ಬಂದಾಗೆಲ್ಲ ಬರ್ತೇತಿ. ನನ್ನ ಮ್ಯಾಲೂ ಬರ್ತೇತಿ, ಓದಿ ಹೇಳಿದಾಂವ ನಾನಲ್ಲೇನ್ರಿ." ಸ್ವಲ್ಪ ಹೊತ್ತು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ ಬಲ ಅಂಗೈಯನ್ನು ನನ್ನ ಮುಂದೆ ಚಾಚಿದ. "ಬರೀರಿ."

ನಾನು ತೋರುಬೆರಳಿನಿಂದ ಅವನ ಒರಟು ಅಂಗೈ ಮೇಲೆ 'ಶು' ಬರೆದೆ. 'ದ' ಬರೆದೆ. ಕೆಳಗೆ ಒತ್ತು ಸುತ್ತಿ ಬೆರಳು ಎತ್ತುವಷ್ಟರಲ್ಲಿ ಅವನು ನನ್ನ ಮಣಿಕಟ್ಟು ಹಿಡಿದು ಅದೇ ಜಾಗಕ್ಕೆ ಒತ್ತಿದ.

"ಸೀಳ್ರಿ" ಎಂದ.

ನಾನು ಸೀಳಿದೆ.